ಮಕ್ಕಳೊಂದಿಗೆ ಮೈಸೂರಿನಲ್ಲಿ ಒಂದು ದಿನ: ಊರಿನವರಿಗೊಂದು ಕೈಪಿಡಿ

ಮೈಸೂರನ್ನು ನೋಡಲು ದೇಶವಿದೇಶಗಳಿಂದ ಜನರು ಬರುತ್ತಾರೆ. ಬಂದವರು ಎರಡು ದಿನಗಳಲ್ಲಿ ಅರಮನೆ, ಮೃಗಾಲಯ, ಚಾಮುಂಡಿಬೆಟ್ಟ, ಬೃಂದಾವನಗಳನ್ನು ನೋಡಿ ಮುಗಿಸಿ ತೆರಳುತ್ತಾರೆ. ಆದರೆ ಇದೇ ಊರಿನಲ್ಲಿ ಹುಟ್ಟಿ ಬೆಳೆಯುತ್ತಿರುವ ಎಷ್ಟೋ ಮಕ್ಕಳಿಗೆ ಊರೆಂದರೆ ಶಾಲಾ ವಾಹನದ ಕಿಟಕಿಯಾಚೆ ಓಡುವ ರಸ್ತೆ ಮಾತ್ರ. ಮನೆಗೆ ನೆಂಟರು ಬಂದಾಗ ಮಕ್ಕಳೂ ಅವರೊಡನೆ ಹೊರಡುವುದುಂಟು. ಆದರೆ ಆ ದಿನ ಓಟವೆಲ್ಲ ನೆಂಟರ ಅವಸರಕ್ಕೆ ತಕ್ಕಂತೆ ನಡೆಯುತ್ತದೆ. ಸಂಜೆ ಆರರ ಬಸ್ಸೋ ರೈಲೋ ಹಿಡಿಯಬೇಕಾದವರ ಹಿಂದೆ ನಾಲ್ಕು ವರ್ಷದ ಮಗು ಓಡಬೇಕಾಗುತ್ತದೆ. ಮಗುವಿಗೆ ಕೊನೆಗೆ ನೆನಪಿನಲ್ಲಿ ಉಳಿಯುವುದು ಕಾಲುನೋವು ಮತ್ತು ಗದರಿಕೆ.

ಪ್ರವಾಸಿಗೆ ಇಲ್ಲದ ಒಂದು ಅನುಕೂಲ ಊರಿನವರಿಗಿದೆ. ಇಂದು ಬಿಟ್ಟದ್ದನ್ನು ಮುಂದಿನ ವಾರ ನೋಡಬಹುದು. ಆದುದರಿಂದ ಎಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸುವ ಹಟ ಊರಿನ ಕುಟುಂಬಕ್ಕೆ ಅಗತ್ಯವಿಲ್ಲ. ಚಿಕ್ಕ ಮಕ್ಕಳೊಂದಿಗೆ ಮೈಸೂರನ್ನು ಸುತ್ತಬಯಸುವ ಸ್ಥಳೀಯ ಕುಟುಂಬಗಳಿಗಾಗಿ, ಮುಖ್ಯವಾಗಿ ಮೂರರಿಂದ ಹತ್ತು ವರ್ಷದೊಳಗಿನ ಮಕ್ಕಳಿರುವ ಮನೆಗಳಿಗಾಗಿ, ಈ ಲೇಖನದಲ್ಲಿ ತಾಣಗಳ ಪರಿಚಯವನ್ನೂ ಅವುಗಳನ್ನು ಹೊಂದಿಸಿಕೊಳ್ಳುವ ಕ್ರಮವನ್ನೂ ನೀಡಲಾಗಿದೆ.

ಮಗುವಿನ ಕಾಲಿನ ಅಳತೆ

ದಿನದ ಯೋಜನೆಯನ್ನು ತಾಣಗಳ ಸಂಖ್ಯೆಯಿಂದ ಆರಂಭಿಸದೆ ಮನೆಯ ಅತ್ಯಂತ ಚಿಕ್ಕ ಮಗುವಿನಿಂದ ಆರಂಭಿಸುವುದು ಲೇಸು. ಆ ಮಗು ಎಷ್ಟು ಹೊತ್ತು ನಡೆಯಬಲ್ಲದು, ಎಷ್ಟು ಗಂಟೆಗೆ ಹಸಿಯುತ್ತದೆ, ಯಾವ ಹೊತ್ತಿಗೆ ನಿದ್ರೆಗೆ ಜಾರುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ತಾಯಂದಿರ ಬಳಿ, ಅಜ್ಜಿಯರ ಬಳಿ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರವೇ ದಿನದ ವೇಳಾಪಟ್ಟಿಯಾಗಬೇಕು.

ಸಾಮಾನ್ಯವಾಗಿ ಬೆಳಗ್ಗೆ ಒಂದು ದೊಡ್ಡ ತಾಣ, ಮಧ್ಯಾಹ್ನ ಊಟ ಮತ್ತು ವಿಶ್ರಾಂತಿ, ಸಂಜೆ ಒಂದು ಚಿಕ್ಕ ಸುತ್ತಾಟ ಎಂದಿಟ್ಟುಕೊಂಡರೆ ಸಾಕು. ಮೂರು ವರ್ಷದೊಳಗಿನ ಮಗುವಿದ್ದರೆ ಬೆಳಗಿನ ತಾಣವೊಂದೇ ಸಾಕು. ಏಳು ದಾಟಿದ ಮಕ್ಕಳಿಗೆ ನಡಿಗೆಯ ಶಕ್ತಿ ಇರುತ್ತದೆ. ಆದರೆ ಅವರಿಗೆ ಬೇಸರ ಬೇಗ ಬರುತ್ತದೆ. ಅಂಥವರಿಗೆ ಎಣಿಸುವ, ಅಳೆಯುವ, ಹುಡುಕುವ ಕೆಲಸವೊಂದನ್ನು ವಹಿಸಿದರೆ ಉತ್ಸಾಹ ಉಳಿಯುತ್ತದೆ. ಅದಕ್ಕೆ ಬೇಕಾದ ಸಾಮಗ್ರಿ ಮೈಸೂರಿನಲ್ಲಿ ಧಾರಾಳವಾಗಿದೆ.

ಬೆಳಗಿನ ಹೊತ್ತು: ಮೃಗಾಲಯ

ಮಕ್ಕಳೊಂದಿಗೆ ಹೊರಟ ಕುಟುಂಬದ ಮೊದಲ ಆಯ್ಕೆ ಬಹುತೇಕ ಶ್ರೀ ಚಾಮರಾಜೇಂದ್ರ ಮೃಗಾಲಯವೇ ಆಗಿರುತ್ತದೆ. 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅರಮನೆಗೆ ಸೇರಿದ ಸುಮಾರು 10 ಎಕರೆ ಜಾಗದಲ್ಲಿ ಇದು ಆರಂಭವಾಯಿತು. ಉದ್ಯಾನದ ವಿನ್ಯಾಸದಲ್ಲಿ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್ ಅವರ ಪಾಲು ದೊಡ್ಡದು. ಬೆಂಗಳೂರಿನ ಲಾಲ್‌ಬಾಗ್‌ನೊಂದಿಗೂ ಅವರ ಹೆಸರು ಬೆಸೆದುಕೊಂಡಿದೆ. ಸ್ವಾತಂತ್ರ್ಯಾನಂತರ ಸರ್ಕಾರದ ಸುಪರ್ದಿಗೆ ಬಂದ ಮೃಗಾಲಯ ಇಂದು ಕರ್ನಾಟಕ ಮೃಗಾಲಯ ಪ್ರಾಧಿಕಾರದ ಆಡಳಿತದಲ್ಲಿದೆ. ಮಂಗಳವಾರ ಇಲ್ಲಿ ವಾರದ ರಜೆ. ದಸರಾ ಮತ್ತಿತರ ರಜಾ ಕಾಲದಲ್ಲಿ ಈ ನಿಯಮ ಸಡಿಲವಾಗುವುದುಂಟಾದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು.

ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರುವುದು ಎರಡು ಕಾರಣಗಳಿಂದ ಒಳ್ಳೆಯದು. ಬೆಳಗಿನ ತಂಪಿನಲ್ಲಿ ಪ್ರಾಣಿಗಳು ಚಟುವಟಿಕೆಯಿಂದಿರುತ್ತವೆ. ಬಿಸಿಲೇರಿದ ಮೇಲೆ ಹುಲಿ, ಸಿಂಹ, ಚಿರತೆಗಳು ನೆರಳು ಹುಡುಕಿ ಮಲಗಿಬಿಡುತ್ತವೆ. ಮಗುವಿಗೆ ಕಾಣುವುದು ಬಾಲದ ತುದಿ ಮಾತ್ರ. ಎರಡನೆಯದಾಗಿ, ಹತ್ತೂವರೆಯ ನಂತರ ಪ್ರವಾಸಿ ಬಸ್ಸುಗಳು ಬರತೊಡಗುತ್ತವೆ. ದೊಡ್ಡವರ ಬೆನ್ನುಗಳ ಗೋಡೆಯ ಹಿಂದೆ ನಿಂತ ಮಗುವಿಗೆ ಆನೆಯೂ ಕಾಣುವುದಿಲ್ಲ.

ಮೃಗಾಲಯದ ಪೂರ್ತಿ ಸುತ್ತು ಕೆಲವು ಕಿಲೋಮೀಟರ್‌ಗಳಷ್ಟಿದೆ. ನಡೆಯಲಾರದವರಿಗೆ ಬ್ಯಾಟರಿ ಚಾಲಿತ ವಾಹನಗಳ ವ್ಯವಸ್ಥೆಯಿದೆ. ಅಜ್ಜ ಅಜ್ಜಿ ಜೊತೆಗಿದ್ದರೆ ಇದು ಉಪಕಾರಿ. ಆದರೆ ಎಲ್ಲ ಪ್ರಾಣಿಗಳನ್ನೂ ನೋಡಲೇಬೇಕೆಂಬ ನಿಯಮವಿಲ್ಲ. ಮಗುವಿಗೆ ಇಷ್ಟವಾದ ನಾಲ್ಕೈದು ಪ್ರಾಣಿಗಳನ್ನು ಮೊದಲೇ ಕೇಳಿ ಇಟ್ಟುಕೊಂಡು, ಒಂದೊಂದರ ಮುಂದೆಯೂ ಹತ್ತು ನಿಮಿಷ ನಿಲ್ಲುವುದು ಮೇಲು. ಜಿರಾಫೆಯನ್ನು ತೆಗೆದುಕೊಳ್ಳೋಣ. ಅಷ್ಟು ಉದ್ದದ ಕತ್ತಿನಲ್ಲಿಯೂ ಇರುವುದು ಏಳೇ ಮೂಳೆ, ಮನುಷ್ಯರ ಕತ್ತಿನಲ್ಲಿರುವಷ್ಟೇ. ಈ ಒಂದು ಸಂಗತಿಯನ್ನು ತಿಳಿಸಿ ಮಗುವಿನ ಕತ್ತಿನ ಹಿಂಭಾಗವನ್ನು ಮುಟ್ಟಿ ತೋರಿಸಿದರೆ ಅದು ಜಿರಾಫೆಯನ್ನು ನೋಡುವ ಬಗೆಯೇ ಬದಲಾಗುತ್ತದೆ. ಎಲೆಯನ್ನು ಎಳೆದುಕೊಳ್ಳುವಾಗ ಹೊರಚಾಚುವ ಕಪ್ಪು ನಾಲಗೆಯನ್ನು ಕಾಯುತ್ತ ನಿಂತರೆ ಹತ್ತು ನಿಮಿಷ ಕಳೆದದ್ದೇ ತಿಳಿಯುವುದಿಲ್ಲ.

ಗೊರಿಲ್ಲಾಗಳೂ ಮೈಸೂರು ಮೃಗಾಲಯದ ಆಕರ್ಷಣೆ. ಹಲವು ವರ್ಷ ಇಲ್ಲಿದ್ದ ಪೋಲೊ ಎಂಬ ಗೊರಿಲ್ಲಾ 2014ರಲ್ಲಿ ಮೃತಪಟ್ಟಿತು. ಆ ಬಳಿಕ 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾಗಳನ್ನು ತರಲಾಯಿತು. ಪ್ರಾಣಿಗಳ ಆರೈಕೆಗೆ ಸಾರ್ವಜನಿಕರು ನೆರವಾಗಲು ದತ್ತು ಯೋಜನೆಯೂ ಇದೆ. ಚಿಕ್ಕ ಹಕ್ಕಿಯಿಂದ ಆನೆಯವರೆಗೆ ಬೇರೆ ಬೇರೆ ಮೊತ್ತಗಳಿರುವುದರಿಂದ, ಹುಟ್ಟುಹಬ್ಬದ ಕೇಕಿನ ಹಣದಲ್ಲಿ ಒಂದು ಹಕ್ಕಿಯ ಆಹಾರದ ಹೊಣೆ ಹೊರುವುದು ಅನೇಕ ಮನೆಗಳಿಗೆ ಸಾಧ್ಯವಿರುವ ಸಂಗತಿ. ಆಮೇಲೆ ಮೃಗಾಲಯಕ್ಕೆ ಮರಳಿ ಹೋಗಲು ಮಗುವಿಗೆ ತನ್ನದೇ ಆದ ಕಾರಣವೊಂದಿರುತ್ತದೆ.

ಮೃಗಾಲಯದ ಆವರಣದಲ್ಲಿ ಪ್ಲಾಸ್ಟಿಕ್ಕಿಗೆ ಅವಕಾಶವಿಲ್ಲ. ನೀರನ್ನು ಸ್ಟೀಲ್ ಬಾಟಲಿಯಲ್ಲಿ ಒಯ್ಯಬೇಕು. ಮಕ್ಕಳಿಗೆ ಒಳಹೋಗುವ ಮೊದಲೇ ತಿಂಡಿ ತಿನ್ನಿಸಿ ಕರೆದೊಯ್ಯುವುದು ಉತ್ತಮ. ಗಾಜು ತಟ್ಟುವುದು, ಕೂಗುವುದು, ತಿನಿಸು ಎಸೆಯುವುದು ಸಲ್ಲದೆಂಬುದನ್ನು ಮನೆಯಲ್ಲಿಯೇ ಹೇಳಿಕೊಡಬೇಕು. ದೊಡ್ಡವರು ಪಾಲಿಸಿದರೆ ಮಕ್ಕಳು ತಾವಾಗಿಯೇ ಪಾಲಿಸುತ್ತಾರೆ.

ಕಾರಂಜಿ ಕೆರೆ: ನಡಿಗೆಯ ನಂತರದ ನೆರಳು

ಮೃಗಾಲಯಕ್ಕೆ ಹೊಂದಿಕೊಂಡಂತೆಯೇ ಕಾರಂಜಿ ಕೆರೆಯಿದೆ. ಅರಸರ ಕಾಲದಲ್ಲಿ ನಿರ್ಮಾಣವಾದ ಈ ಕೆರೆಯನ್ನು ಈಗ ಪ್ರಕೃತಿ ಉದ್ಯಾನವಾಗಿ ಮೃಗಾಲಯ ಪ್ರಾಧಿಕಾರವೇ ನಿರ್ವಹಿಸುತ್ತಿದೆ. ಇಲ್ಲಿಯೂ ಮಂಗಳವಾರ ರಜೆ. ಎರಡೂ ತಾಣಗಳಿಗೆ ಒಟ್ಟಿಗೆ ಟಿಕೆಟ್ ಪಡೆಯುವ ಅವಕಾಶವಿದೆಯಾದರೂ, ಚಿಕ್ಕ ಮಕ್ಕಳಿರುವವರು ಮೃಗಾಲಯದಿಂದ ಹೊರಬಂದು ಮಗುವಿನ ಮುಖ ನೋಡಿದ ಮೇಲೆ ನಿರ್ಧರಿಸುವುದು ಜಾಣತನ. ದಣಿದ ಮಗುವನ್ನು ಎಳೆದುಕೊಂಡು ಹೋಗುವ ಬದಲು ಕೆರೆಗೆ ಇನ್ನೊಂದು ಬೆಳಗ್ಗೆ ಬರಬಹುದು.

ಕೆರೆಯಂಗಳದ ಮುಖ್ಯ ಆಕರ್ಷಣೆ ಪಕ್ಷಿಗಳ ದೊಡ್ಡ ಬಲೆಮನೆ. ಸುಮಾರು 60 ಮೀಟರ್ ಉದ್ದ, 40 ಮೀಟರ್ ಅಗಲ, 20 ಮೀಟರ್ ಎತ್ತರದ ಈ ಪಂಜರದೊಳಗೆ ನೋಡುಗರೇ ನಡೆದುಹೋಗುತ್ತಾರೆ. ಪಂಜರದ ಹೊರಗೆ ನಿಂತು ಹಕ್ಕಿ ನೋಡಿ ಅಭ್ಯಾಸವಾದ ಮಗುವಿಗೆ ತಾನೇ ಪಂಜರದೊಳಗೆ ಹೋಗುವುದು, ಕೈಯಳತೆಯ ದೂರದಲ್ಲಿ ನವಿಲು ನಡೆದುಹೋಗುವುದು ಹೊಸ ಅನುಭವ. ಕೆರೆಯ ನಡುಗಡ್ಡೆಯ ಮರಗಳಲ್ಲಿ ಕಾಡುಹಕ್ಕಿಗಳು ತಾವಾಗಿಯೇ ಬಂದು ಕೂರುತ್ತವೆ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿಗಳನ್ನು ಗುರುತಿಸಲು ಬರಿಗಣ್ಣೇ ಸಾಕು. ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುವುದನ್ನು ತೋರಿಸಿದರೆ, ತಂತಿಯ ಮೇಲೆ ಬಟ್ಟೆ ಒಣಹಾಕುವುದನ್ನು ಕಂಡ ಮಗುವಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಚಿಟ್ಟೆ ಉದ್ಯಾನ, ವೀಕ್ಷಣಾ ಗೋಪುರ, ದೋಣಿವಿಹಾರಗಳೂ ಇವೆ. ದೋಣಿಯಲ್ಲಿ ಎಷ್ಟೇ ಚಿಕ್ಕ ಮಗುವಾದರೂ ಜೀವರಕ್ಷಕ ಕವಚ ತೊಡಿಸದೆ ಕೂರಿಸಬಾರದು.

ಕೆರೆಯ ದಂಡೆಯಲ್ಲಿಯೇ 1995ರಲ್ಲಿ ಆರಂಭವಾದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವಿದೆ. ಮಳೆ ಹಿಡಿದುಕೊಂಡ ದಿನಗಳಲ್ಲಿ ಏಳೆಂಟು ವರ್ಷದ ಮಕ್ಕಳೊಂದಿಗೆ ಒಂದು ಗಂಟೆ ಕಳೆಯಲು ಇದು ಸೂಕ್ತ ಜಾಗ.

ಮಧ್ಯಾಹ್ನ: ಏನೂ ಮಾಡದ ಹೊತ್ತು

ಮಕ್ಕಳೊಂದಿಗಿನ ದಿನ ಕೆಡುವುದು ಸಾಮಾನ್ಯವಾಗಿ ಮಧ್ಯಾಹ್ನ ಹನ್ನೆರಡರಿಂದ ಮೂರರ ನಡುವೆ. ಬಿಸಿಲು, ಹಸಿವು, ನಿದ್ರೆ ಮೂರೂ ಒಟ್ಟಿಗೆ ಬರುವ ಹೊತ್ತದು. ಪ್ರವಾಸಿಗರು ಆ ಹೊತ್ತಿನಲ್ಲಿ ವಾಹನದಲ್ಲಿ ಕುಳಿತು ಮುಂದಿನ ತಾಣಕ್ಕೆ ಸಾಗುತ್ತಾರೆ. ಊರಿನವರು ಮನೆಗೆ ಮರಳಬಹುದು. ಮನೆಯ ಊಟ, ಮನೆಯ ಚಾಪೆ, ಎರಡು ಗಂಟೆಯ ನಿದ್ರೆ ಇಷ್ಟು ದೊರೆತರೆ ಸಂಜೆಗೆ ಮಗು ಹೊಸದಾಗಿ ಎದ್ದು ಕೂರುತ್ತದೆ. ಮನೆ ದೂರವಿದ್ದರೆ ಪೇಟೆಯ ಮಧ್ಯದಲ್ಲಿರುವ ಬಂಧುಗಳ ಮನೆಯಾದರೂ ಆದೀತು. ಹೋಟೆಲಿನಲ್ಲಿ ಉಣ್ಣುವುದಾದರೆ ಹನ್ನೆರಡೂವರೆಗೆ ಮೊದಲೇ ಹೋಗುವುದು ಒಳಿತು. ಒಂದು ಗಂಟೆಯ ಬಳಿಕ ಕುರ್ಚಿಗಾಗಿ ಕಾಯುವುದು ಮಕ್ಕಳ ಕೈಲಾಗದ ಕೆಲಸ.

ಇನ್ನೊಂದು ದಿನಕ್ಕೆ: ರೈಲು ವಸ್ತುಸಂಗ್ರಹಾಲಯ

ಮೃಗಾಲಯವನ್ನು ಈಗಾಗಲೇ ನೋಡಿದವರಿಗೆ ಬೆಳಗಿನ ಹೊತ್ತಿಗೆ ಇನ್ನೊಂದು ಆಯ್ಕೆ ರೈಲು ವಸ್ತುಸಂಗ್ರಹಾಲಯ. ಕೃಷ್ಣರಾಜಸಾಗರ ರಸ್ತೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಎದುರಿಗೆ, ರೈಲು ನಿಲ್ದಾಣದ ಸಮೀಪದಲ್ಲಿ ಇದು ಇದೆ. ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದ ನಂತರ ದೇಶದಲ್ಲಿ ಸ್ಥಾಪನೆಯಾದ ಇಂಥ ಎರಡನೆಯ ಸಂಸ್ಥೆಯಿದು. 1979ರಲ್ಲಿ ಆರಂಭವಾಯಿತು.

ಮೈಸೂರು ಅರಮನೆಗೆ ಸೇರಿದ, 1899ರ ಕಾಲದ ಮಹಾರಾಣಿಯವರ ಸಲೂನ್ ಬೋಗಿ ಇಲ್ಲಿಯ ಹೆಮ್ಮೆ. ಅಡುಗೆಮನೆ, ಊಟದ ಜಾಗ, ಸ್ನಾನಗೃಹಗಳೆಲ್ಲ ರೈಲಿನಲ್ಲಿಯೇ ಇರುವುದನ್ನು ಕಂಡ ಮಕ್ಕಳು ಅದನ್ನು ಚಲಿಸುವ ಮನೆಯೆಂದೇ ತಿಳಿಯುತ್ತಾರೆ. ಹಳಿಯ ಮೇಲೆ ಓಡುತ್ತಿದ್ದ ಆಸ್ಟಿನ್ ಕಾರು ಇನ್ನೊಂದು ಕೌತುಕ. ಉಗಿಬಂಡಿಗಳ ಚಕ್ರದ ಪಕ್ಕದಲ್ಲಿ ಮಗುವನ್ನು ನಿಲ್ಲಿಸಿ ಯಾರು ಎತ್ತರ ಎಂದು ನೋಡಬಹುದು. ಪುಟಾಣಿ ರೈಲಿನ ಸವಾರಿಯೂ ಇದೆ.

ಅಳೆಯುವ ಆಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಮೀಟರ್ ಗೇಜ್ ಹಳಿಗಳ ನಡುವಿನ ಅಂತರ ಸರಿಯಾಗಿ ಒಂದು ಮೀಟರ್. ಇಂದಿನ ಬ್ರಾಡ್ ಗೇಜ್ ಹಳಿಗಳ ಅಂತರ 1.676 ಮೀಟರ್. ಮನೆಯಿಂದ ಒಂದು ಟೇಪನ್ನೋ ಮೀಟರ್ ಉದ್ದದ ದಾರವನ್ನೋ ಒಯ್ದರೆ ಪ್ರದರ್ಶನದ ಹಳಿಯ ಬಳಿ ಮಕ್ಕಳೇ ಅಳೆದು ನೋಡಬಹುದು. ಬೆಂಗಳೂರು ಮೈಸೂರುಗಳ ನಡುವೆ ಬಹುಕಾಲ ಓಡಿದ್ದು ಮೀಟರ್ ಗೇಜ್ ರೈಲೇ. ಅದರಲ್ಲಿ ಪ್ರಯಾಣ ಮಾಡಿದ ಅಜ್ಜಂದಿರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಬೆಂಗಳೂರು ತಲುಪಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಮದ್ದೂರಿನಲ್ಲಿ ಏನು ತಿನ್ನುತ್ತಿದ್ದರು, ಇಂಜಿನ್ನಿನ ಮಸಿ ಕಣ್ಣಿಗೆ ಬೀಳುತ್ತಿದ್ದುದು ಹೇಗೆ ಎಂದು ಮೊಮ್ಮಕ್ಕಳು ಕೇಳಲಿ. ಯಾವ ಫಲಕದಲ್ಲಿಯೂ ಬರೆದಿರದ ವಿವರಗಳು ಆಗ ಹೊರಬರುತ್ತವೆ.

ಸಂಜೆಯ ನಡಿಗೆ: ದೊಡ್ಡ ಗಡಿಯಾರದಿಂದ ಮಾರುಕಟ್ಟೆಗೆ

ಬಿಸಿಲಿಳಿದ ಮೇಲೆ, ನಾಲ್ಕೂವರೆಯ ಹೊತ್ತಿಗೆ ಹಳೆಯ ಪೇಟೆಗೆ ಬರಬಹುದು. ಪುರಭವನದ ಬಳಿಯ ದೊಡ್ಡ ಗಡಿಯಾರದಿಂದ ನಡಿಗೆಯನ್ನು ಆರಂಭಿಸುವುದು ಅನುಕೂಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ನಿರ್ಮಾಣವಾದ ಈ ಗೋಪುರದ ಎತ್ತರ 75 ಅಡಿ. ಇದರ ವಿಶೇಷವೆಂದರೆ ಗಡಿಯಾರದ ಮುಖದ ಮೇಲಿರುವುದು ಕನ್ನಡದ ಅಂಕಿಗಳು. ಶಾಲೆಯಲ್ಲಿ ಬೇರೆ ಅಂಕಿಗಳನ್ನೇ ಕಲಿಯುತ್ತಿರುವ ಮಕ್ಕಳಿಗೆ ಒಂದರಿಂದ ಹನ್ನೆರಡರವರೆಗಿನ ಕನ್ನಡ ಅಂಕಿಗಳನ್ನು ಕಲಿಸಲು ಇದಕ್ಕಿಂತ ದೊಡ್ಡ ಹಲಗೆ ಊರಿನಲ್ಲಿಲ್ಲ. ಮುಳ್ಳು ಇರುವ ಜಾಗ ನೋಡಿ ಗಂಟೆ ಹೇಳಿದರೆ ಅಂಕಿ ತಾನಾಗಿಯೇ ತಿಳಿಯುತ್ತದೆ.

ಅಲ್ಲಿಂದ ಕೃಷ್ಣರಾಜ ವೃತ್ತದ ಮೂಲಕ ಸಯ್ಯಾಜಿರಾವ್ ರಸ್ತೆಗೆ ಬಂದರೆ ದೇವರಾಜ ಮಾರುಕಟ್ಟೆ. ಅದರ ಎದುರಿಗೆ ಚಿಕ್ಕ ಗಡಿಯಾರವಿದೆ. ದೊಡ್ಡದು, ಚಿಕ್ಕದು ಎಂಬ ಹೆಸರುಗಳೇ ಮಕ್ಕಳಿಗೆ ಪ್ರಿಯ. ಎರಡರಲ್ಲಿಯೂ ಒಂದೇ ಸಮಯವಿದೆಯೇ ಎಂದು ಪರೀಕ್ಷಿಸುವ ಕೆಲಸವನ್ನು ಅವರಿಗೇ ಬಿಡಬಹುದು.

ಮಾರುಕಟ್ಟೆಯಲ್ಲಿ ಕೊಳ್ಳುವುದಕ್ಕಿಂತ ಹೆಚ್ಚಾಗಿ ನೋಡಲು, ಮೂಸಲು, ಎಣಿಸಲು ಇದೆ. ಗೋಪುರದಂತೆ ಒಟ್ಟಿದ ಅರಿಶಿನ ಕುಂಕುಮದ ರಾಶಿಗಳು, ಹೂವಿನ ಸಾಲು, ಬಾಳೆಹಣ್ಣಿನ ಗೊನೆಗಳು, ವೀಳ್ಯದೆಲೆಯ ಕಟ್ಟುಗಳು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಈ ಮೂರಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಅಂದರೆ ಈ ಹೆಸರುಗಳು ಈ ನೆಲಕ್ಕೇ ಸೇರಿದವೆಂದು ಕಾನೂನು ಒಪ್ಪಿಕೊಂಡಿದೆ. ಹೂವನ್ನು ಮೊಳದ ಲೆಕ್ಕದಲ್ಲಿಯೂ ಮಾರಿನ ಲೆಕ್ಕದಲ್ಲಿಯೂ ಅಳೆಯುವುದನ್ನು ಮಕ್ಕಳು ಗಮನಿಸಲಿ. ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಮೊಳ. ಎರಡೂ ತೋಳು ಚಾಚಿದರೆ ಒಂದು ಮಾರು. ಹೂವಾಡಗಿತ್ತಿಯ ಮೊಳಕ್ಕೂ ಮಗುವಿನ ಮೊಳಕ್ಕೂ ವ್ಯತ್ಯಾಸವೆಷ್ಟು ಎಂಬುದು ಒಳ್ಳೆಯ ಲೆಕ್ಕ. ಹತ್ತಿಪ್ಪತ್ತು ರೂಪಾಯಿಯನ್ನು ಮಗುವಿನ ಕೈಗೇ ಕೊಟ್ಟು ಬೆಲೆ ಕೇಳಿ, ಕೊಂಡು, ಚಿಲ್ಲರೆ ಎಣಿಸಿ ತರುವಂತೆ ಹೇಳಿದರೆ ಅದಕ್ಕೆ ಊರಿನ ವ್ಯವಹಾರದಲ್ಲಿ ಮೊದಲ ಪಾತ್ರ ದೊರೆತಂತಾಗುತ್ತದೆ.

ಈ ನಡಿಗೆಯನ್ನು ಮುಂದೂಡಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಮೃತಪಟ್ಟರು. ದೇವರಾಜ ಮಾರುಕಟ್ಟೆಯ ಉತ್ತರ ದಿಕ್ಕಿನ ಭಾಗವೊಂದು 2016ರ ಆಗಸ್ಟ್‌ನಲ್ಲಿ ಕುಸಿಯಿತು. ಹಳೆಯ ಕಟ್ಟಡಗಳನ್ನು ಕೆಡವಿ ಹೊಸದಾಗಿ ಕಟ್ಟಬೇಕೇ, ಇರುವುದನ್ನೇ ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೇ ಎಂಬ ಚರ್ಚೆ ಅಂದಿನಿಂದ ನಡೆದಿದೆ. ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಚರ್ಚೆಯಲ್ಲಿ ಯಾವ ಪಕ್ಷವೇ ಗೆಲ್ಲಲಿ, ಇಂದು ಕಾಣುವ ಮಾರುಕಟ್ಟೆ ಹೀಗೆಯೇ ಮಕ್ಕಳ ಪ್ರಾಯಕಾಲಕ್ಕೂ ಇರುತ್ತದೆಂಬ ಭರವಸೆಯಿಲ್ಲ. ಊರಿನ ಕಟ್ಟಡಗಳ ಬಗ್ಗೆ ಮುಂದೊಂದು ದಿನ ತೀರ್ಮಾನ ಕೈಗೊಳ್ಳಬೇಕಾದವರು ಇವರೇ. ಒಮ್ಮೆಯೂ ಕಾಲಿಡದ ಜಾಗವನ್ನು ಉಳಿಸಿಕೊಳ್ಳಬೇಕೆಂದು ಯಾರಿಗೂ ಅನಿಸುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಬಿರುಕುಬಿಟ್ಟ ಗೋಡೆಗಳ ಬಳಿ, ಬೇಲಿ ಹಾಕಿದ ಭಾಗಗಳಲ್ಲಿ ನಿಲ್ಲದಿರುವ ಎಚ್ಚರವಂತೂ ಅಗತ್ಯ.

ಏಳು ಗಂಟೆಯ ಅರಮನೆ

ಮಾರುಕಟ್ಟೆಯಿಂದ ಅರಮನೆ ಹತ್ತಿರದ ದಾರಿ. ಭಾನುವಾರ ಹಾಗೂ ಸರ್ಕಾರಿ ರಜಾದಿನಗಳಂದು ಸಂಜೆ ಏಳರ ಹೊತ್ತಿಗೆ ಅರಮನೆಯ ದೀಪಾಲಂಕಾರವಿರುತ್ತದೆ. ದಸರಾ ದಿನಗಳಲ್ಲಿ ಪ್ರತಿಸಂಜೆಯೂ ಇರುತ್ತದೆ. ಸುಮಾರು ಒಂದು ಲಕ್ಷ ಬಲ್ಬುಗಳು ಒಂದೇ ಕ್ಷಣದಲ್ಲಿ ಹೊತ್ತಿಕೊಳ್ಳುವುದನ್ನು ಕಾಣಬೇಕಾದರೆ ಹತ್ತು ನಿಮಿಷ ಮೊದಲೇ ಹೋಗಿ ನಿಂತಿರಬೇಕು. ಕತ್ತಲಲ್ಲಿ ಕಾಯುವ ಆ ಹತ್ತು ನಿಮಿಷಗಳೇ ಮಕ್ಕಳಿಗೆ ಅತ್ಯಂತ ಕುತೂಹಲದ ಭಾಗ. ಕೆಲವೇ ಚಿಕ್ಕ ಮಕ್ಕಳು ಬೆಳಕಿಗೂ ಜನಸಂದಣಿಗೂ ಬೆದರುವುದುಂಟು. ಅಂಥವರನ್ನು ದ್ವಾರದಿಂದ ದೂರದಲ್ಲಿಯೇ ಎತ್ತಿಕೊಂಡು ತೋರಿಸಬಹುದು.

ಕಾಯುವ ಹೊತ್ತಿನಲ್ಲಿ ಹೇಳಲು ಒಂದು ಕಥೆಯೂ ಇದೆ. ಇದೇ ಜಾಗದಲ್ಲಿ ಹಿಂದೆ ಮರದ ಅರಮನೆಯಿತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. ಆಗ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೊಸ ಅರಮನೆಯ ಕೆಲಸವನ್ನು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರಿಗೆ ವಹಿಸಿದರು. 1912ರಲ್ಲಿ ಪೂರ್ಣಗೊಂಡ ಕಟ್ಟಡಕ್ಕೆ ಅಂದಿನ ಲೆಕ್ಕದಲ್ಲಿ ಸುಮಾರು 42 ಲಕ್ಷ ರೂಪಾಯಿ ವೆಚ್ಚವಾಯಿತು. ಹದಿನೈದು ವರ್ಷ ಕಟ್ಟಿದರೆಂದು ಕೇಳಿದ ಮಗು ತನ್ನ ವಯಸ್ಸಿನೊಂದಿಗೆ ಅದನ್ನು ಹೋಲಿಸಿಕೊಳ್ಳುತ್ತದೆ.

ಅರಮನೆಯ ಒಳಾಂಗಣವನ್ನು ಬೇರೊಂದು ಬೆಳಗ್ಗೆ ನೋಡುವುದು ಸೂಕ್ತ. ಪಾದರಕ್ಷೆ ಹೊರಗೆ ಬಿಡಬೇಕಾದ್ದರಿಂದ ಸುಲಭವಾಗಿ ಬಿಚ್ಚಿ ಹಾಕಬಹುದಾದ ಚಪ್ಪಲಿಗಳಿರಲಿ. ಗೊಂಬೆ ತೊಟ್ಟಿಯ ಬೊಂಬೆಗಳನ್ನು ನೋಡಿದರೆ, ನವರಾತ್ರಿಯಲ್ಲಿ ಮನೆಯಲ್ಲಿ ಕೂರಿಸುವ ಗೊಂಬೆಗಳ ನೆನಪು ಮಕ್ಕಳಿಗೆ ಬರುತ್ತದೆ. ಕಲ್ಯಾಣ ಮಂಟಪದ ಬಣ್ಣದ ಗಾಜಿನ ಛಾವಣಿಯಲ್ಲಿ ನವಿಲುಗಳನ್ನು ಹುಡುಕುವುದು, ಗೋಡೆಯ ಮೇಲಿನ ದಸರಾ ಮೆರವಣಿಗೆಯ ಚಿತ್ರಗಳಲ್ಲಿ ಆನೆಗಳನ್ನು ಎಣಿಸುವುದು ಇವೆರಡೇ ಆಟಗಳಿಂದ ಒಂದು ಗಂಟೆ ಸರಿಯುತ್ತದೆ.

ಟಿಕೆಟ್ಟಿಲ್ಲದ ತಾಣಗಳು

ನಾಲ್ಕೈದು ಜನರ ಕುಟುಂಬಕ್ಕೆ ಪ್ರವೇಶ ಶುಲ್ಕ, ಆಟೊ, ಊಟ ಎಲ್ಲ ಸೇರಿದರೆ ಮೊತ್ತ ಚಿಕ್ಕದಾಗಿರುವುದಿಲ್ಲ. ಆದರೆ ಊರನ್ನು ತೋರಿಸಲು ಹಣವೇ ಬೇಕೆಂದೇನಿಲ್ಲ. ದೊಡ್ಡ ಗಡಿಯಾರಕ್ಕೂ ಮಾರುಕಟ್ಟೆಗೂ ಟಿಕೆಟ್ ಇಲ್ಲ. ಅರಮನೆಯ ದೀಪಗಳನ್ನು ಹೊರಗಿನ ರಸ್ತೆಯಿಂದಲೂ ನೋಡಬಹುದು.

ಕುಕ್ಕರಹಳ್ಳಿ ಕೆರೆ ಇನ್ನೊಂದು ಉತ್ತಮ ಆಯ್ಕೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಿರ್ಮಾಣವಾದ ಈ ಕೆರೆ ಈಗ ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಸುತ್ತಲಿನ ಕಾಲುದಾರಿಯನ್ನು ಪೂರ್ತಿ ಸುತ್ತಬೇಕಿಲ್ಲ. ಮಗು ದಣಿಯುವ ಮೊದಲು ಹಿಂತಿರುಗಿದರಾಯಿತು. ಕುವೆಂಪು ಅವರು ಈ ಕೆರೆಯ ಏರಿಯ ಮೇಲೆ ಅಡ್ಡಾಡುತ್ತಿದ್ದುದನ್ನು ಹೇಳಿದರೆ ಪಠ್ಯಪುಸ್ತಕದ ಕವಿ ಮಕ್ಕಳಿಗೆ ತಮ್ಮೂರಿನವರಾಗಿ ಕಾಣುತ್ತಾರೆ.

ಚಾಮುಂಡಿಬೆಟ್ಟದ ಸುಮಾರು ಸಾವಿರ ಮೆಟ್ಟಿಲುಗಳನ್ನು ಚಿಕ್ಕ ಮಕ್ಕಳಿಂದ ಹತ್ತಿಸುವ ಸಾಹಸ ಬೇಡ. ನಗರ ಬಸ್ಸಿನಲ್ಲಿ ಬೆಟ್ಟದ ಮೇಲೆ ಹೋಗಿ, ಅಲ್ಲಿಂದ ಮುನ್ನೂರರಷ್ಟು ಮೆಟ್ಟಿಲುಗಳನ್ನು ನಿಧಾನವಾಗಿ ಎಣಿಸುತ್ತ ನಂದಿಯವರೆಗೆ ಇಳಿಯುವುದು ಐದಾರು ವರ್ಷದ ಮಕ್ಕಳಿಗೂ ಸಾಧ್ಯ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ ಕೆತ್ತಿದ ಈ ನಂದಿಯ ಕೊರಳಿನ ಗಂಟೆಗಳನ್ನು ಎಣಿಸುವ ಕೆಲಸ ಅಲ್ಲಿ ಕಾದಿರುತ್ತದೆ. ನಂದಿಯ ಬಳಿಗೆ ವಾಹನದ ರಸ್ತೆಯಿರುವುದರಿಂದ ಮರಳುವುದು ಕಷ್ಟವಲ್ಲ.

ಚಿಕ್ಕ ಮಕ್ಕಳಿಗೆ ಬಸ್ ಪ್ರಯಾಣವೇ ಒಂದು ತಾಣ. ಶಕ್ತಿ ಯೋಜನೆಯಡಿ 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. ಅಮ್ಮ, ಅಜ್ಜಿ, ಅತ್ತೆಯರು ಮಕ್ಕಳನ್ನು ಕರೆದುಕೊಂಡು ಹೊರಡಲು ಇದು ದೊಡ್ಡ ಅನುಕೂಲ. ಗುರುತಿನ ಚೀಟಿ ಜೊತೆಗಿರಬೇಕು.

ಮುನ್ನೆಚ್ಚರಿಕೆಗಳು

ಹೊರಡುವ ಮುನ್ನ ಮಗುವಿನ ಆ ದಿನದ ಉಡುಪಿನಲ್ಲಿ ಒಂದು ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ಜನಸಂದಣಿಯಲ್ಲಿ ಮಗು ತಪ್ಪಿಸಿಕೊಂಡರೆ ಬಟ್ಟೆಯ ಬಣ್ಣ ಹೇಳಲು ಗಾಬರಿಯಲ್ಲಿ ನೆನಪಾಗುವುದಿಲ್ಲ. ಇಬ್ಬರು ಹಿರಿಯರ ದೂರವಾಣಿ ಸಂಖ್ಯೆಗಳನ್ನು ಬರೆದ ಚೀಟಿ ಮಗುವಿನ ಜೇಬಿನಲ್ಲಿರಲಿ. ತಪ್ಪಿಸಿಕೊಂಡರೆ ಅಲ್ಲಿಯೇ ನಿಲ್ಲಬೇಕು, ಪೊಲೀಸರ ಬಳಿಗೋ ಟಿಕೆಟ್ ಕೊಡುವ ಕಿಟಕಿಯ ಬಳಿಗೋ ಹೋಗಿ ಹೆಸರು ಹೇಳಬೇಕು ಎಂಬುದನ್ನು ಹೆದರಿಸದೆ ಕಲಿಸಬೇಕು. ತುರ್ತು ಸಹಾಯಕ್ಕೆ 112 ಸಂಖ್ಯೆಗೆ ಕರೆ ಮಾಡಬಹುದು.

ಮಾರ್ಚ್‌ನಿಂದ ಮೇ ವರೆಗೆ ಬಿಸಿಲು ಬಿರುಸಾಗಿರುವುದರಿಂದ ಬೆಳಗಿನ ಸುತ್ತಾಟವನ್ನು ಹನ್ನೊಂದಕ್ಕೇ ಮುಗಿಸಬೇಕು. ಟೊಪ್ಪಿಗೆ, ನೀರು, ಮಜ್ಜಿಗೆ, ಒಂದು ಜೊತೆ ಬದಲಿ ಬಟ್ಟೆ, ಒದ್ದೆ ಕರವಸ್ತ್ರ ಚೀಲದಲ್ಲಿರಲಿ. ಪ್ರತಿ ತಾಣವನ್ನು ಪ್ರವೇಶಿಸುವಾಗಲೂ ಹೊರಡುವಾಗಲೂ ಮಕ್ಕಳನ್ನು ಶೌಚಾಲಯಕ್ಕೆ ಕರೆದೊಯ್ಯುವ ರೂಢಿ ಅನೇಕ ಪೇಚಾಟಗಳನ್ನು ತಪ್ಪಿಸುತ್ತದೆ.

ದಸರಾ ಹಾಗೂ ಡಿಸೆಂಬರ್ ಕೊನೆಯ ವಾರದಲ್ಲಿ ಹೊರಗಿನವರ ದಟ್ಟಣೆ ಹೆಚ್ಚು. ಆ ದಿನಗಳನ್ನು ಅತಿಥಿಗಳಿಗೆ ಬಿಟ್ಟುಕೊಡುವುದು ಲೇಸು. ಮೃಗಾಲಯಕ್ಕೆ ಭಾನುವಾರ ಸೂಕ್ತವಲ್ಲ. ದೀಪಾಲಂಕಾರಕ್ಕೆ ಭಾನುವಾರವೇ ಬೇಕು. ಹೀಗಾಗಿ ಶನಿವಾರ ಬೆಳಗ್ಗೆ ಮೃಗಾಲಯ, ಭಾನುವಾರ ಸಂಜೆ ಮಾರುಕಟ್ಟೆ ಮತ್ತು ಅರಮನೆ ಎಂದು ಒಂದು ದಿನವನ್ನು ಎರಡು ಅರ್ಧಗಳಾಗಿ ಹಂಚಿಕೊಂಡರೆ ಎರಡೂ ಸುಖವಾಗಿ ನೆರವೇರುತ್ತವೆ. ಶನಿವಾರ ಶಾಲೆಯಿದ್ದರೆ ರಜೆಯ ವಾರದ ನಡುವಿನ ದಿನವೊಂದನ್ನು ಆರಿಸಿಕೊಳ್ಳಬಹುದು. ಪ್ರವೇಶ ದರಗಳೂ ವೇಳೆಯೂ ಆಗಾಗ ಬದಲಾಗುವುದರಿಂದ ಹೊರಡುವ ಹಿಂದಿನ ದಿನ ಖಚಿತಪಡಿಸಿಕೊಳ್ಳಬೇಕು.

ಮನೆಗೆ ಮರಳಿದ ಮೇಲೆ

ಸುತ್ತಾಟ ಮುಗಿದ ರಾತ್ರಿ ಮಕ್ಕಳಿಗೆ ಪ್ರಶ್ನೋತ್ತರ ನಡೆಸುವುದು ಬೇಡ. ಮರುದಿನ ಒಂದು ಹಾಳೆ ಮತ್ತು ಬಣ್ಣದ ಕಡ್ಡಿಗಳನ್ನು ಕೊಟ್ಟು ನಡೆದ ದಾರಿಯ ನಕ್ಷೆ ಬರೆಯಲು ಹೇಳಬಹುದು. ಮನೆ, ಬಸ್ಸು, ಜಿರಾಫೆ, ಗಡಿಯಾರ, ಹೂವಿನಂಗಡಿ ಯಾವ ಕ್ರಮದಲ್ಲಿ ಬಂದರೂ ಸರಿಯೇ. ಮುಂದಿನ ಬಾರಿ ಹೋದ ಜಾಗವನ್ನು ಅದೇ ಹಾಳೆಗೆ ಸೇರಿಸುತ್ತ ಹೋದರೆ ವರ್ಷ ಕಳೆಯುವಷ್ಟರಲ್ಲಿ ಮಗುವಿನ ಕೈಬರಹದ ಮೈಸೂರೊಂದು ಮನೆಯಲ್ಲಿರುತ್ತದೆ.

ಊರು ಮುಂದಿನ ವಾರವೂ ಇರುತ್ತದೆ, ನಿಜ. ಆದರೆ ಹೂವಿನ ಮೊಳಕ್ಕೂ ಗಡಿಯಾರದ ಅಂಕಿಗೂ ಬೆರಗಾಗುವ ವಯಸ್ಸು ಬಹಳ ಕಾಲ ಇರುವುದಿಲ್ಲ. ಆದ್ದರಿಂದ ತಾಣಗಳು ಕಡಿಮೆಯಾದರೂ ಚಿಂತೆಯಿಲ್ಲ, ಈ ತಿಂಗಳ ಒಂದು ದಿನವನ್ನು ಮಕ್ಕಳ ಹೆಜ್ಜೆಯ ವೇಗಕ್ಕೆ ಬಿಟ್ಟುಕೊಡುವುದನ್ನು ಹಿರಿಯರು ಯೋಚಿಸಲಿ.